ಅರಮನೆಯ ಚರಂಡಿ ಅಗೆಯುವಾಗ ಪುರಾತತ್ತ್ವಜ್ಞರು ಪಕ್ಕದಲ್ಲಿ ನಿಂತು ನೋಡುವುದೇನನ್ನು?

ಕಿಂಗ್‌ಸ್ಟನ್ ವಾಸಿ ಕೇಳಿದ್ದು:

ನಾನು ಹುಬ್ಬಳ್ಳಿಯವನು, ವೃತ್ತಿಯಿಂದ ಸಿವಿಲ್ ಎಂಜಿನಿಯರ್. ನೀರು ಮತ್ತು ಒಳಚರಂಡಿಯ ಕೆಲಸದಲ್ಲಿಯೇ ಇಪ್ಪತ್ತು ವರ್ಷ ಕಳೆದಿದ್ದೇನೆ. ಈಗ ಲಂಡನ್ನಿನ ನೈಋತ್ಯದಲ್ಲಿ ಮನೆ ಮಾಡಿಕೊಂಡಿರುವುದರಿಂದ ಹ್ಯಾಂಪ್ಟನ್ ಕೋರ್ಟ್ ಅರಮನೆ ನಮಗೆ ಭಾನುವಾರದ ನಡಿಗೆಗೆ ಸಿಗುವಷ್ಟು ಹತ್ತಿರ. ಕಳೆದ ತಿಂಗಳು ಅಲ್ಲಿಗೆ ಹೋದಾಗ ಗೋಡೆಯೊಂದರ ಬುಡದಲ್ಲಿ ಮಳೆನೀರಿನ ಹಳೆಯ ಪೈಪು ಕಿತ್ತು ಹೊಸದನ್ನು ಹಾಕುತ್ತಿದ್ದರು. ಚಿಕ್ಕ ಯಂತ್ರವೊಂದು ನಿಧಾನವಾಗಿ ಮಣ್ಣು ತೆಗೆಯುತ್ತಿತ್ತು. ಅದರ ಬಕೆಟ್ಟಿಗೆ ಹಲ್ಲುಗಳೇ ಇರಲಿಲ್ಲ, ಅಂಚು ನುಣುಪಾಗಿತ್ತು. ಪಕ್ಕದಲ್ಲಿ ಹಳದಿ ಜಾಕೀಟು ತೊಟ್ಟ ಯುವತಿಯೊಬ್ಬರು ಬೇರೇನೂ ಮಾಡದೆ ಗುಂಡಿಯನ್ನೇ ದಿಟ್ಟಿಸುತ್ತ ನಿಂತಿದ್ದರು. ಒಂದು ಕ್ಷಣ ಅವರು ಕೈ ಎತ್ತಿದರು, ಯಂತ್ರ ನಿಂತಿತು. ಅವರು ಇಳಿದು ಸೀಮೆಸುಣ್ಣದ ತುಂಡಿನಂತಹ ಬಿಳಿಯ ವಸ್ತುವೊಂದನ್ನು ಹೆಕ್ಕಿ, ನೀರಿನಲ್ಲಿ ತೊಳೆದು, ಚೀಲಕ್ಕೆ ಹಾಕಿ ಏನನ್ನೋ ಬರೆದುಕೊಂಡರು. ಯಂತ್ರ ಮತ್ತೆ ಶುರುವಾಗಲು ಇಪ್ಪತ್ತು ನಿಮಿಷ ಬೇಕಾಯಿತು. ಆ ಇಪ್ಪತ್ತು ನಿಮಿಷವೂ ಚಾಲಕ ಚಹಾ ಕುಡಿಯುತ್ತ ಕುಳಿತಿದ್ದ.

ನನ್ನ ಸಂದೇಹ ಇದು. ಹಳೆಯ ಪೈಪಿನ ಜಾಗದಲ್ಲಿಯೇ ಹೊಸ ಪೈಪು ಬರುತ್ತಿದೆ ಎಂದ ಮೇಲೆ ಆ ಮಣ್ಣನ್ನು ಹಿಂದೊಮ್ಮೆ, ಬಹುಶಃ ನಾಲ್ಕಾರು ಬಾರಿ, ಅಗೆದು ಮುಚ್ಚಿದ್ದಾಗಿದೆ. ಕಲಸಿಹೋದ ಮಣ್ಣಿನಲ್ಲಿ ಇತಿಹಾಸವನ್ನು ಹುಡುಕುವುದರಲ್ಲಿ ಅರ್ಥವಿದೆಯೇ, ಅಥವಾ ಇದು ಕಾಗದಪತ್ರ ಸರಿಯಾಗಿರಲಿ ಎಂದು ಮಾಡುವ ಶಾಸ್ತ್ರವೇ? ತಿಳಿದವರು ಇದ್ದರೆ ವಿವರವಾಗಿಯೇ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಮಣ್ಣಿನ ಪದರ ಉತ್ತರಿಸಿದ್ದು:

ನಾನು ಧಾರವಾಡದಲ್ಲಿ ಓದಿ, ಈಗ ಹಲವು ವರ್ಷಗಳಿಂದ ಇಂಗ್ಲೆಂಡಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ, ಅಂದರೆ ಗುಂಡಿಯ ಪಕ್ಕದಲ್ಲಿ ನಿಲ್ಲುವ ಕೆಲಸ. ಹ್ಯಾಂಪ್ಟನ್ ಕೋರ್ಟಿನಲ್ಲಿ ನಿಂತಿಲ್ಲ, ಆದರೆ ನೀವು ಬಣ್ಣಿಸಿದ ದೃಶ್ಯ ನನಗೆ ಅಂಗೈಯ ಗೆರೆಯಷ್ಟು ಪರಿಚಿತ. ಇದನ್ನು ಬಹುಕಾಲ ‘ವಾಚಿಂಗ್ ಬ್ರೀಫ್’ ಎಂದು ಕರೆಯುತ್ತಿದ್ದರು. ಉತ್ಖನನವೆಂದರೆ ನಮಗೆ ಬೇಕಾದಲ್ಲಿ, ನಮ್ಮ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅಗೆಯುವುದು. ಇಲ್ಲಿ ಹಾಗಲ್ಲ. ಪೈಪಿನವರಿಗೆ ಬೇಕಾದಲ್ಲಿ, ಬೇಕಾದಷ್ಟೇ ಆಳಕ್ಕೆ ಅವರು ಅಗೆಯುತ್ತಾರೆ, ಕಂಡದ್ದನ್ನು ನಾವು ದಾಖಲಿಸುತ್ತೇವೆ. ಹೀಗಾಗಿ ಇದು ಮೊದಲಿನಿಂದಲೂ ಒಂದು ರಾಜಿ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಈಗ ನಿಮ್ಮ ‘ಕಲಸಿಹೋದ ಮಣ್ಣು’. ಹಳೆಯ ಪೈಪನ್ನು ಹೂಳಲು ತೋಡಿದ ಗುಂಡಿ ಅರವತ್ತು ಸೆಂಟಿಮೀಟರ್ ಅಗಲವಿತ್ತು ಎಂದುಕೊಳ್ಳಿ. ಹೊಸ ಪೈಪಿಗೆ, ಅದರ ಸುತ್ತಲಿನ ಜಲ್ಲಿಗೆ, ಕೆಲಸಗಾರ ನಿಲ್ಲುವುದಕ್ಕೆ ತೊಂಬತ್ತು ಬೇಕು. ಆಗ ಎರಡೂ ಬದಿಗೆ ಹದಿನೈದು ಹದಿನೈದು ಸೆಂಟಿಮೀಟರ್ ಯಾರೂ ಮುಟ್ಟದ ಮಣ್ಣು ಉಳಿದಿರುತ್ತದೆ. ನಾವು ನೋಡುವುದು ಮುಖ್ಯವಾಗಿ ಆ ಬದಿಗಳನ್ನೇ. ನಮ್ಮ ಕಡೆ ಬಾವಿ ತೋಡುವಾಗ ಗೋಡೆಯಲ್ಲಿ ಕೆಂಪು, ಕಪ್ಪು, ಬಿಳಿ ಜೇಡಿಯ ಪಟ್ಟೆಗಳು ಹೇಗೆ ಒಂದರ ಮೇಲೊಂದು ಕಾಣುತ್ತವೆಯೋ ಹಾಗೆ ಇಲ್ಲಿಯೂ ಕಾಣುತ್ತವೆ. ಒಡೆದ ಇಟ್ಟಿಗೆಯ ಪದರ, ಸುಣ್ಣದ ಗಾರೆ ಚೆಲ್ಲಿದ ಪದರ, ಸುಟ್ಟ ಇದ್ದಿಲಿನ ತೆಳುವಾದ ಗೆರೆ, ಅದರ ಕೆಳಗೆ ನದಿಯ ಗರಸು. ಗುಂಡಿಯ ಬದಿಯನ್ನು ಕರಣೆಯಿಂದ ಹೆರೆದು ಸ್ವಚ್ಛ ಮಾಡಿ, ಪ್ರತಿ ಪದರಕ್ಕೂ ಒಂದು ಸಂಖ್ಯೆ ಕೊಟ್ಟು, ಹತ್ತಕ್ಕೆ ಒಂದರ ಅಳತೆಯಲ್ಲಿ ಚಿತ್ರ ಬರೆದು, ಸಮುದ್ರಮಟ್ಟಕ್ಕೆ ಹೋಲಿಸಿದ ಎತ್ತರವನ್ನು ಗುರುತಿಸುತ್ತೇವೆ. ಚಾಲಕ ಚಹಾ ಕುಡಿದ ಹೊತ್ತಿನಲ್ಲಿ ಆ ಯುವತಿ ಮಾಡಿದ್ದು ಬಹುಶಃ ಇದನ್ನೇ. ಹಲ್ಲಿಲ್ಲದ ಬಕೆಟ್ ಬಳಸಿದ್ದಕ್ಕೂ ಇದೇ ಕಾರಣ. ಹಲ್ಲಿರುವ ಬಕೆಟ್ ಮಣ್ಣನ್ನು ಉತ್ತುಬಿಡುತ್ತದೆ, ಪಟ್ಟೆಗಳು ಒಂದರೊಳಗೊಂದು ಬೆರೆತು ಏನೂ ತಿಳಿಯದಂತಾಗುತ್ತದೆ.

ಒಮ್ಮೆ ಅಗೆದ ನೆಲದಲ್ಲಿ ಏನೂ ಉಳಿದಿರುವುದಿಲ್ಲ ಎಂಬ ನಂಬಿಕೆಗೆ ಹ್ಯಾಂಪ್ಟನ್ ಕೋರ್ಟಿನಲ್ಲಿಯೇ ಉತ್ತರವಿದೆ. ಅರಮನೆಯ ದಕ್ಷಿಣಕ್ಕಿರುವ ಪ್ರಿವಿ ಗಾರ್ಡನ್ ಮೂರನೆಯ ವಿಲಿಯಂ ದೊರೆಗಾಗಿ 1702ರ ಹೊತ್ತಿಗೆ ಸಿದ್ಧವಾದ ಉದ್ಯಾನ. ಮುಂದೆ ಅಲ್ಲಿ ಪೊದೆಗಳೂ ಮರಗಳೂ ಬೆಳೆದು ಮೂಲ ವಿನ್ಯಾಸ ಕಣ್ಣಿಗೆ ಕಾಣದಂತಾಗಿತ್ತು. 1990ರ ದಶಕದ ಆರಂಭದಲ್ಲಿ ಅಗೆದು ನೋಡಿದಾಗ ಹೂಪಾತಿಗಳಿಗಾಗಿ ತೋಡಿದ ಹಳ್ಳಗಳ ಗುರುತು ಅಡಿಮಣ್ಣಿನಲ್ಲಿ ಹಾಗೆಯೇ ಉಳಿದಿತ್ತು. ಆ ಗುರುತನ್ನೂ ಹಳೆಯ ನಕ್ಷೆ, ಲೆಕ್ಕಪತ್ರಗಳನ್ನೂ ಹಿಡಿದು 1995ರಲ್ಲಿ ಉದ್ಯಾನವನ್ನು ಮತ್ತೆ ಕಟ್ಟಿದರು. ಮಣ್ಣಿನ ಬಣ್ಣ ಕೊಂಚ ಬೇರೆ ಎಂಬುದಷ್ಟೇ ಅಲ್ಲಿದ್ದ ಸಾಕ್ಷಿ. ನೋಡುವವರಿಲ್ಲದಿದ್ದರೆ ಅದು ಬಂಡಿಯಲ್ಲಿ ಹೊರಹೋಗುವ ಮಣ್ಣಾಗಿರುತ್ತಿತ್ತು.

ಇನ್ನೊಂದು ವಿಷಯ ನಿಮ್ಮಂತಹ ಎಂಜಿನಿಯರರಿಗೆ ರುಚಿಸಬಹುದು. ಅರಮನೆಯ ಚರಂಡಿಯೇ ಅಲ್ಲಿಯ ಮುಖ್ಯ ಪುರಾತತ್ತ್ವ ವಸ್ತುಗಳಲ್ಲೊಂದು. ಎಂಟನೆಯ ಹೆನ್ರಿ ದೊರೆಯ ಮಂತ್ರಿ ಕಾರ್ಡಿನಲ್ ವುಲ್ಸೀ 1514ರಲ್ಲಿ ಆ ಜಾಗವನ್ನು ಗುತ್ತಿಗೆಗೆ ಪಡೆದು ಕಟ್ಟಲು ತೊಡಗಿದ ಈ ಅರಮನೆಗೆ ನೀರನ್ನು ತರಿಸುತ್ತಿದ್ದದ್ದು ಸುಮಾರು ಮೂರು ಮೈಲಿ ದೂರದ ಕೂಂಬ್ ಗುಡ್ಡದ ಬುಗ್ಗೆಗಳಿಂದ, ಸೀಸದ ಕೊಳವೆಗಳಲ್ಲಿ, ಥೇಮ್ಸ್ ನದಿಯ ತಳದಡಿಯಲ್ಲಿ ಹಾಯಿಸಿ. ನೀವು ಕಿಂಗ್‌ಸ್ಟನ್ನಿನವರಾದ್ದರಿಂದ ಆ ವ್ಯವಸ್ಥೆಯ ಪುಟ್ಟ ಇಟ್ಟಿಗೆಯ ಮನೆಗಳು ನಿಮ್ಮ ಊರಿನ ಅಂಚಿನಲ್ಲಿಯೇ ಇವೆ, ಬಿಡುವು ಮಾಡಿಕೊಂಡು ಹೋಗಿ ನೋಡಿ. ಎಂಟನೆಯ ಹೆನ್ರಿಯ ಕಾಲದಲ್ಲಿ ಆಸ್ಥಾನದ ಸಾಮಾನ್ಯರಿಗೆಂದು ಕಟ್ಟಿದ ‘ಗ್ರೇಟ್ ಹೌಸ್ ಆಫ್ ಈಸ್‌ಮೆಂಟ್’ ಎಂಬ ಸಾಮೂಹಿಕ ಶೌಚಾಲಯದಲ್ಲಿ ಏಕಕಾಲಕ್ಕೆ ಇಪ್ಪತ್ತೆಂಟು ಮಂದಿ ಕುಳಿತುಕೊಳ್ಳಬಹುದಾಗಿತ್ತು. ಅದರ ಹೊಲಸೆಲ್ಲ ಇಟ್ಟಿಗೆಯ ಮೋರಿಗಳ ಮೂಲಕ ನದಿಯತ್ತ ಸಾಗಬೇಕಿತ್ತು. ನೂರಾರು ಜನರ ಊಟ, ಸ್ನಾನ, ಮಲಮೂತ್ರಗಳ ಲೆಕ್ಕ ಆಸ್ಥಾನದ ಕಡತದಲ್ಲಿ ಸಿಕ್ಕದಿದ್ದರೂ ಮೋರಿಯ ಅಗಲದಲ್ಲಿ, ಇಳಿಜಾರಿನಲ್ಲಿ, ತಳದ ಹೂಳಿನಲ್ಲಿ ಸಿಕ್ಕುತ್ತದೆ. ಹೂಳನ್ನು ಜರಡಿ ಹಿಡಿದರೆ ಮೀನಿನ ಮುಳ್ಳು, ಹಣ್ಣಿನ ಬೀಜ, ಸಿಂಪಿ ಚಿಪ್ಪು ಎಲ್ಲವೂ ಇರುತ್ತವೆ. ಹೊಸ ಪೈಪು ಹಾಕುವವರು ಇಳಿಜಾರು ಸಿಗುವ ಜಾಗವನ್ನೇ ಹುಡುಕುತ್ತಾರೆ, ಹಿಂದಿನವರೂ ಅದನ್ನೇ ಹುಡುಕಿದ್ದರು. ಆದ್ದರಿಂದ ಇಬ್ಬರೂ ಒಂದೇ ಸಾಲಿಗೆ ಬಂದು ನಿಲ್ಲುವುದು ಆಕಸ್ಮಿಕವಲ್ಲ.

ಆ ಬಿಳಿಯ ತುಂಡು ನನ್ನ ಊಹೆಯಲ್ಲಿ ಜೇಡಿಮಣ್ಣಿನ ಹೊಗೆಕೊಳವೆಯ ಕಾಂಡ, ಅಂದರೆ ತಂಬಾಕು ಸೇದುವ ಚಿಲುಮೆಯ ಹಿಡಿ. ಅದು ಈ ದೇಶದ ಗುಂಡಿಗಳಲ್ಲಿ ನೆಲಗಡಲೆ ಸಿಪ್ಪೆಯಷ್ಟು ಅಗ್ಗ. ಆದರೂ ಯಂತ್ರವನ್ನು ಏಕೆ ನಿಲ್ಲಿಸಿದರು? ತಂಬಾಕು ಸೇದುವ ಅಭ್ಯಾಸ ಇಂಗ್ಲೆಂಡಿನಲ್ಲಿ ಬೇರೂರಿದ್ದು ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ, ಹೆನ್ರಿ ಸತ್ತದ್ದು 1547ರಲ್ಲಿ. ಮೋರಿಯ ಇಟ್ಟಿಗೆ ಹೆನ್ರಿಯ ಕಾಲದ್ದೆಂದು ಕಂಡರೂ ಅದರೊಳಗೆ ತುಂಬಿದ ಮಣ್ಣಿನ ತಳದಲ್ಲಿ ಚಿಲುಮೆಯ ತುಂಡು ಸಿಕ್ಕರೆ ಆ ಮಣ್ಣು ಬಂದು ಬಿದ್ದದ್ದು ಹೆನ್ರಿಯ ಕಾಲದಲ್ಲಂತೂ ಅಲ್ಲ. ಸಿಕ್ಕ ವಸ್ತುವಿಗಿಂತ ಅದು ಯಾವ ಪದರದಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಎಂಬುದಕ್ಕೇ ಬೆಲೆ. ಬಂಡಿಗೆ ಬಿದ್ದ ಮೇಲೆ ಅದೇ ತುಂಡಿಗೆ ಕಾಸಿನ ಕಿಮ್ಮತ್ತಿಲ್ಲ.

ಕಿಂಗ್‌ಸ್ಟನ್ ವಾಸಿ ಮತ್ತೆ ಕೇಳಿದ್ದು:

ಇಷ್ಟು ವಿವರವನ್ನು ನಿರೀಕ್ಷಿಸಿರಲಿಲ್ಲ, ಧನ್ಯವಾದ. ಎರಡು ಪ್ರಶ್ನೆಗಳು ಉಳಿದವು. ಆ ಯುವತಿಗೆ ಯಂತ್ರ ನಿಲ್ಲಿಸುವ ಅಧಿಕಾರ ಎಲ್ಲಿಂದ ಬರುತ್ತದೆ, ಮತ್ತು ಅವರ ಸಂಬಳವನ್ನು ಕೊಡುವವರು ಯಾರು? ಗುತ್ತಿಗೆದಾರನೇ ಕೊಡುವುದಾದರೆ ಅವನ ಕೆಲಸವನ್ನು ನಿಲ್ಲಿಸುವ ಧೈರ್ಯ ಯಾರಿಗೆ ಬರುತ್ತದೆ?

ಮಣ್ಣಿನ ಪದರ:

ಹ್ಯಾಂಪ್ಟನ್ ಕೋರ್ಟಿನಂತಹ ಜಾಗ ಶಾಸನಬದ್ಧ ರಕ್ಷಿತ ಸ್ಮಾರಕವಾದ್ದರಿಂದ 1979ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ನೆಲವನ್ನು ಅಗೆಯಲು ಮೊದಲೇ ಸರ್ಕಾರದ ಒಪ್ಪಿಗೆ ಬೇಕು, ಅದಕ್ಕೆ ಸಲಹೆ ಕೊಡುವ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್. ಪುರಾತತ್ತ್ವಜ್ಞರು ಸ್ಥಳದಲ್ಲಿರಬೇಕು, ಇಂತಿಷ್ಟು ಕಂಡುಬಂದರೆ ಕೆಲಸ ನಿಲ್ಲಬೇಕು ಎಂಬುದು ಆ ಒಪ್ಪಿಗೆಯ ಷರತ್ತಿನಲ್ಲಿಯೂ, ಮೊದಲೇ ಬರೆದು ಒಪ್ಪಿಸುವ ಕಾರ್ಯಯೋಜನೆಯಲ್ಲಿಯೂ ಇರುತ್ತದೆ. ಷರತ್ತನ್ನು ಮೀರಿದರೆ ಅಪರಾಧ. ಕೈ ಎತ್ತಿದ ತಕ್ಷಣ ಯಂತ್ರ ನಿಂತದ್ದು ಆ ಕಾಗದದ ಬಲದಿಂದ.

ಸಂಬಳ ಬರುವುದು ಕೆಲಸ ಮಾಡಿಸುವವರಿಂದ. ನಿಮ್ಮ ಅನುಮಾನ ಸುಳ್ಳಲ್ಲ. ಬೇರೊಂದು ಜಾಗದಲ್ಲಿ, ಹೆಸರು ಬೇಡ, ನಾನು ಬೆಳಗ್ಗೆ ಎಂಟಕ್ಕೆ ಹೋದರೆ ಆರು ಗಂಟೆಗೇ ಹದಿನೈದು ಮೀಟರ್ ಅಗೆದು ಮುಗಿಸಿದ್ದರು. ‘ಅಲ್ಲಿ ಏನೂ ಇರಲಿಲ್ಲ’ ಎಂದು ಮೇಸ್ತ್ರಿ ನಗುತ್ತಲೇ ಹೇಳಿದ. ಮಣ್ಣಿನ ರಾಶಿಯ ಮೇಲೆ ತೆಳುವಾದ, ಕೈಯಿಂದ ಮಾಡಿದ ಇಟ್ಟಿಗೆಗಳು, ಅವುಗಳಿಗೆ ಅಂಟಿದ ಬಿಳಿಯ ಗಾರೆ. ಗೋಡೆಯೋ, ಮೋರಿಯೋ, ನೆಲಗಟ್ಟೋ ಎಂದು ಹೇಳಲು ಯಾವ ದಾರಿಯೂ ಇರಲಿಲ್ಲ. ವರದಿಯಲ್ಲಿ ಇದ್ದದ್ದನ್ನು ಇದ್ದಂತೆಯೇ ಬರೆದೆ. ಮುಂದಿನ ವಾರದಿಂದ ಯಂತ್ರದ ಕೀಲಿ ನಾನು ಬರುವವರೆಗೂ ಕಚೇರಿಯಲ್ಲಿರುತ್ತಿತ್ತು.

ತುಂಗೆಯ ತೀರ:

ಹೊಸಪೇಟೆಯಿಂದ ಬರೆಯುತ್ತಿದ್ದೇನೆ. ಹಂಪಿಯನ್ನು ದಿನವೂ ನೋಡುವವನಾದ್ದರಿಂದ ಒಂದು ಮಾತು ಸೇರಿಸುತ್ತೇನೆ.

ಹ್ಯಾಂಪ್ಟನ್ ಕೋರ್ಟಿನಲ್ಲಿ ಅರಮನೆಯೇ ನಿಂತಿದೆ, ಚರಂಡಿ ಅದರ ಉಪಾಂಗ. ವಿಜಯನಗರದಲ್ಲಿ ಸ್ಥಿತಿ ತಿರುಗುಮುರುಗು. 1565ರ ನಂತರ ಅರಮನೆಗಳ ಮರದ ಕಂಬ, ಚಾವಣಿಗಳು ಸುಟ್ಟು ಹಾಳಾಗಿ ಉಳಿದದ್ದು ಕಲ್ಲಿನ ಅಧಿಷ್ಠಾನ, ಗಾರೆಯ ನೆಲ ಮತ್ತು ನೀರಿನ ದಾರಿಗಳು. ಯಾವ ಕೋಣೆಯಲ್ಲಿ ಸ್ನಾನ ಮಾಡುತ್ತಿದ್ದರು, ಎಲ್ಲಿ ಅಡುಗೆಯಾಗುತ್ತಿತ್ತು ಎಂದು ಕೇಳಿದರೆ ನೆಲದ ಇಳಿಜಾರು ಮತ್ತು ಮೋರಿಯ ಬಾಯಿ ಮಾತ್ರ ಉತ್ತರ ಕೊಡಬಲ್ಲವು. ರಾಜಾಂಗಣದ ಮೆಟ್ಟಿಲುಗಳ ಪುಷ್ಕರಣಿ 1980ರ ದಶಕದವರೆಗೆ ಪೂರ್ತಿಯಾಗಿ ಮಣ್ಣಿನಡಿಯಲ್ಲಿತ್ತು. ಇಂದು ಅದರ ಕಪ್ಪು ಕಲ್ಲುಗಳ ಮೇಲೆ ಬಗ್ಗಿ ನೋಡಿದರೆ ಯಾವ ದಿಕ್ಕಿನ, ಯಾವ ಸಾಲಿನ ಕಲ್ಲು ಎಂದು ಕಲ್ಲುಕುಟಿಗರು ಕೊರೆದ ಗುರುತುಗಳು ಕಾಣುತ್ತವೆ. ಬೇರೆಲ್ಲೋ ಕೆತ್ತಿ, ತಂದು, ಜೋಡಿಸಿದ ಕೊಳ ಅದು. ಹತ್ತಿರದಲ್ಲಿಯೇ ಕಲ್ಲಿನ ಕಂಬಗಳ ಮೇಲೆ ಹಾಸಿದ, ನೀರು ಹರಿಸುವ ಕಲ್ಲಿನ ದೋಣಿಗಳ ಸಾಲೂ ಇದೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಆದರೆ ಅನುಮತಿಯ ಕಾಗದ ಕೈಗೆ ಬಂದ ಮೇಲೆ ಗುಂಡಿಯ ಪಕ್ಕದಲ್ಲಿ ನಿಲ್ಲುವ ಕಣ್ಣು ಬೇಕಲ್ಲ, ಅದರ ಕೊರತೆಯೇ ನನಗೆ ಕಾಡುವುದು. ಕೆಲವು ವರ್ಷಗಳ ಹಿಂದೆ ಹಳೆಯ ಕೋಟೆಯೂರೊಂದರಲ್ಲಿ ರಸ್ತೆಬದಿಯ ಚರಂಡಿಯನ್ನು ರಾತ್ರೋರಾತ್ರಿ ಜೆಸಿಬಿಯಿಂದ ತೋಡಿದರು. ಬೆಳಗ್ಗೆ ನೋಡಿದರೆ ಸುಟ್ಟ ಮಣ್ಣಿನ ಕೊಳವೆಗಳ ಚೂರುಗಳು, ಒಂದರ ಬಾಯಿಗೆ ಇನ್ನೊಂದನ್ನು ತೂರಿಸಿ ಸುತ್ತ ಗಾರೆ ಮೆತ್ತಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಮೊಬೈಲಿನಲ್ಲಿ ಆರು ಚಿತ್ರ ತೆಗೆದೆ. ಮಧ್ಯಾಹ್ನದ ಹೊತ್ತಿಗೆ ಆ ಚೂರುಗಳನ್ನೇ ಕಾಂಕ್ರೀಟಿನ ಅಡಿಗೆ ತುಂಬಿದ್ದರು. ಅಳತೆಯಿಲ್ಲ, ಆಳವಿಲ್ಲ, ದಿಕ್ಕಿಲ್ಲ. ಆ ಆರು ಚಿತ್ರಗಳಿಂದ ನಾನು ಇಂದಿಗೂ ಏನನ್ನೂ ಸಾಧಿಸಿ ತೋರಿಸಲಾರೆ.

ಗುತ್ತಿಗೆದಾರ, ಮೈಸೂರು:

ಎಲ್ಲರೂ ಒಂದೇ ಪಕ್ಕದಲ್ಲಿ ನಿಂತಿರುವುದರಿಂದ ಇನ್ನೊಂದು ಪಕ್ಕವನ್ನೂ ಹೇಳಬೇಕಾಗಿದೆ. ಹಳೆಯ ಕಟ್ಟಡಕ್ಕೆ ಮೊದಲ ಶತ್ರು ನೀರು. ಚರಂಡಿ ಕಟ್ಟಿಕೊಂಡರೆ ಮಳೆಯ ನೀರು ಅಡಿಪಾಯಕ್ಕೆ ಇಳಿಯುತ್ತದೆ, ಸುಣ್ಣದ ಗಾರೆ ಮೆತ್ತಗಾಗುತ್ತದೆ, ತೇವ ಗೋಡೆಯನ್ನು ಹತ್ತಿ ಉಪ್ಪು ಹೊಮ್ಮಿ ಗಿಲಾವು ಉದುರುತ್ತದೆ. ಚರಂಡಿ ದುರಸ್ತಿಯೂ ಸಂರಕ್ಷಣೆಯೇ. ಗೋಡೆಯ ಬುಡದಲ್ಲಿ ಗುಂಡಿಯನ್ನು ತೆರೆದಿಟ್ಟು ‘ಇನ್ನೆರಡು ದಿನ ಕೊಡಿ, ಚಿತ್ರ ಬರೆಯಬೇಕು’ ಎಂದರೆ, ಆ ಎರಡು ದಿನದಲ್ಲಿ ಮಳೆ ಸುರಿದು ಬದಿ ಕುಸಿದರೆ, ಹೊಣೆ ಯಾರದು? ಕಾವಲು ನಿಂತವರು ಕಂಡದ್ದನ್ನು ಬರೆದುಕೊಳ್ಳುತ್ತಾರೆಯೇ ಹೊರತು ಉಳಿಸುವುದಿಲ್ಲ. ಪೈಪು ಅಲ್ಲಿಯೇ ಹೋಗುತ್ತದೆ, ಹಳೆಯದು ಒಡೆಯುತ್ತದೆ. ನಾನು ಕೆಲಸ ಮಾಡಿದ ಒಂದು ಹಳೆಯ ಕಟ್ಟಡದ ಅಂಗಳದಲ್ಲಿ ಮೂರು ವಾರ ಹೀಗೆಯೇ ಕಾದು, ಕೊನೆಗೆ ಸಿಕ್ಕಿದ್ದು ಒಂದು ಹಿತ್ತಾಳೆಯ ನಲ್ಲಿ.

ಮಣ್ಣಿನ ಪದರ:

ನೀರು ಮೊದಲ ಶತ್ರು ಎಂಬುದನ್ನು ಪೂರ್ತಿಯಾಗಿ ಒಪ್ಪುತ್ತೇನೆ, ನಮ್ಮ ವೃತ್ತಿಯವರು ಇದನ್ನು ಬೇಗ ಮರೆಯುತ್ತಾರೆ. ಗುಂಡಿಯ ಬದಿ ಕುಸಿಯುವುದು ನಮಗೂ ಜೀವಭಯದ ಮಾತು. ಎದೆಮಟ್ಟಕ್ಕಿಂತ ಆಳವಾದ ಗುಂಡಿಗೆ ಬದಿಗೆ ಆಧಾರ ಕೊಡದೆ ಇಳಿಯಲು ನಾನು ಒಪ್ಪುವುದಿಲ್ಲ, ಆಧಾರದ ಹಲಗೆ ನಿಲ್ಲಿಸಿದರೆ ನೋಡಬೇಕಾದ ಪದರವೇ ಮುಚ್ಚಿಹೋಗುತ್ತದೆ. ಈ ಇಕ್ಕಟ್ಟಿಗೆ ಪುಸ್ತಕದಲ್ಲಿ ಪರಿಹಾರವಿಲ್ಲ. ಒಂದೊಂದು ಮೀಟರ್ ಅಗೆದು, ನೋಡಿ, ಹಲಗೆ ನಿಲ್ಲಿಸಿ ಮುಂದುವರಿಯುವುದು ನಾವು ಮಾಡಿಕೊಂಡ ಹೊಂದಾಣಿಕೆ.

ಆದರೆ ‘ಉಳಿಸುವುದಿಲ್ಲ’ ಎಂಬುದನ್ನು ಒಪ್ಪಲಾರೆ. ಪೈಪಿನ ದಾರಿಯನ್ನು ಗೆರೆ ಎಳೆಯುವ ಮೊದಲೇ ನಮ್ಮನ್ನು ಕರೆದರೆ ಕಥೆ ಬೇರೆ. ಹಳೆಯ ಮೋರಿಯೊಳಗೆ ಕ್ಯಾಮೆರಾ ಬಿಟ್ಟು, ನೀರಿಗೆ ಬಣ್ಣ ಹಾಕಿ ಅದು ಎಲ್ಲಿ ಹೊರಬರುತ್ತದೆಂದು ನೋಡಿ, ಎರಡು ಮೂರು ಕಡೆ ಚಿಕ್ಕ ಪರೀಕ್ಷಾ ಗುಂಡಿ ತೋಡಿದರೆ ಮುಕ್ಕಾಲು ಪಾಲು ಆಘಾತಗಳು ತಪ್ಪುತ್ತವೆ. ಐದು ನೂರು ವರ್ಷದ ಇಟ್ಟಿಗೆಯ ಮೋರಿ ಗಟ್ಟಿಯಾಗಿಯೇ ಇದೆಯೆಂದು ತಿಳಿದು ಅದರೊಳಗಿನ ಹೂಳನ್ನಷ್ಟೇ ತೆಗೆದು ಮತ್ತೆ ಬಳಕೆಗೆ ಬಿಟ್ಟದ್ದನ್ನು ನಾನು ಕಂಡಿದ್ದೇನೆ, ಆಗ ಗುತ್ತಿಗೆಯ ಹಣವೂ ಉಳಿಯಿತು. ಹ್ಯಾಂಪ್ಟನ್ ಕೋರ್ಟಿನ ಬೇಸ್ ಕೋರ್ಟ್ ಅಂಗಳದಲ್ಲಿ 2008ರಲ್ಲಿ ಅಗೆದಾಗ ಹೆನ್ರಿಯ ವಂಶದವರು ಆಳಿದ ಟ್ಯೂಡರ್ ಕಾಲದ ಕಾರಂಜಿಯ ತಳಪಾಯ ಸಿಕ್ಕಿತು. 2010ರಲ್ಲಿ ಅದೇ ಜಾಗದಲ್ಲಿ ವೈನ್ ಹರಿಸುವ ಕಾರಂಜಿಯೊಂದನ್ನು ಹಳೆಯ ಮಾದರಿಯಲ್ಲಿ ನಿಲ್ಲಿಸಿದ್ದಾರೆ. ಕೆಳಗೆ ಯಾವುದು ಎಷ್ಟು ಆಳದಲ್ಲಿದೆ ಎಂದು ತಿಳಿದಿದ್ದರೆ ಮೇಲೆ ಕಟ್ಟುವವರಿಗೂ ಅನುಕೂಲ.

ಇನ್ನು ಹಿತ್ತಾಳೆಯ ನಲ್ಲಿ. ಮೂರು ವಾರ ನಿಂತು ಏನೂ ಕಾಣದಿದ್ದರೆ ‘ಇಂತಲ್ಲಿಂದ ಇಂತಲ್ಲಿಯವರೆಗೆ, ಇಷ್ಟು ಆಳದವರೆಗೆ ಏನೂ ಇಲ್ಲ’ ಎಂದು ನಕ್ಷೆಯ ಮೇಲೆ ಬರೆಯುತ್ತೇವೆ. ನಿಮ್ಮ ನಂತರ ಬರುವ ಗುತ್ತಿಗೆದಾರ ಆ ಸಾಲಿನಲ್ಲಿ ಮೂರು ವಾರ ಕಾಯಬೇಕಾಗಿಲ್ಲ.

ಗುತ್ತಿಗೆದಾರ, ಮೈಸೂರು:

ನಕ್ಷೆ ನನ್ನ ನಂತರದವನ ಕೈಗೆ ಸಿಕ್ಕರೆ ತಾನೆ! ಕ್ಯಾಮೆರಾದ ಮಾತನ್ನು ಒಪ್ಪಿದೆ. ಟೆಂಡರಿನಲ್ಲಿ ಅದಕ್ಕೊಂದು ಬಾಬ್ತು ಇರಬೇಕು, ನಾವು ಕೈಯಿಂದ ಹಾಕಲಾಗುವುದಿಲ್ಲ.

ಕಿಂಗ್‌ಸ್ಟನ್ ವಾಸಿ:

ಮೊನ್ನೆ ಭಾನುವಾರ ಮತ್ತೆ ಹೋಗಿದ್ದೆ. ಗುಂಡಿ ಬಹುಮಟ್ಟಿಗೆ ಮುಚ್ಚಿತ್ತು. ಒಂದು ತುದಿಯಲ್ಲಿ ಮಾತ್ರ ತೆರೆದಿದ್ದು, ತಳದಲ್ಲಿ ತೆಳುವಾದ ಕೆಂಪು ಇಟ್ಟಿಗೆಗಳ ಕಮಾನಿನ ಬೆನ್ನು ಒಂದು ಮೊಳದಷ್ಟು ಕಾಣುತ್ತಿತ್ತು. ಹೊಸ ಪೈಪು ಅದರ ಮೇಲೆ ಹೋಗದೆ ಪಕ್ಕಕ್ಕೆ ಬಾಗಿ ಸಾಗಿತ್ತು. ಎಂಜಿನಿಯರನ ಕಣ್ಣಿಗೆ ಆ ಬಾಗು ಚೆನ್ನಾಗಿ ಕಾಣಲಿಲ್ಲ, ಹೂಳು ನಿಲ್ಲುವ ಜಾಗ ಅದು, ಅಲ್ಲಿಗೊಂದು ತಪಾಸಣೆಯ ಗುಂಡಿ ಕೊಡಲೇಬೇಕು. ಇಟ್ಟಿಗೆಗಳ ಮೇಲೆ ಬಿಳಿಯ ಬಟ್ಟೆಯಂತಹದನ್ನು ಹಾಸಿ ಮರಳು ಸುರಿಯುತ್ತಿದ್ದರು. ಅದು ನೀರು ಸೋಸಲೆಂದೇ?

ಮಣ್ಣಿನ ಪದರ:

ಅಲ್ಲ. ನೀರು ಅದರ ಮೂಲಕ ಇಳಿಯುತ್ತದೆ, ಆದರೆ ಹಾಸುವ ಉದ್ದೇಶ ಬೇರೆ. ಇನ್ನೊಮ್ಮೆ ಯಾರಾದರೂ ಅಲ್ಲಿ ಅಗೆದಾಗ ಬಟ್ಟೆಯ ಮೇಲಿನದು ನಮ್ಮ ಕಾಲದ ಮಣ್ಣು, ಕೆಳಗಿನದು ನಾವು ಮುಟ್ಟದೆ ಬಿಟ್ಟದ್ದು ಎಂದು ಅವರಿಗೆ ತಿಳಿಯಲಿ ಎಂದು. ಕೆಲವರು ಆ ವರ್ಷದ ಹೊಸ ನಾಣ್ಯವೊಂದನ್ನೂ ಬಟ್ಟೆಯ ಮೇಲೆ ಇಟ್ಟು ಮುಚ್ಚುತ್ತಾರೆ, ನಾನೂ ಇಡುತ್ತೇನೆ. ಬಾಗಿನ ವಿಷಯ ನೀವು ಹೇಳಿದ್ದು ಸರಿ, ತಪಾಸಣೆಯ ಗುಂಡಿ ಬೇಕು. ಅದನ್ನು ತೋಡುವಾಗಲೂ ಒಬ್ಬರು ಪಕ್ಕದಲ್ಲಿ ನಿಂತಿರುತ್ತಾರೆ.